ರಸೀದಿಗೊಂದು ನಂಬರಿರಲಿ, ಗೋಡೆಗೊಂದು ಹಿಡಿ ಗಾರೆಯಿರಲಿ

(ದೇಶನೂರಿನಲ್ಲಿ ಸೇರಿದ್ದ ಕನ್ನಡ ಯುವಕರ ಸಭೆಯಲ್ಲಿ ಸಿರುಗುಪ್ಪ ಸೀಮೆಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು. ಪತ್ರಿಕೆಯ ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದಾರೆ.)

ಕನ್ನಡದ ತಮ್ಮಂದಿರೇ, ತಂಗಿಯರೇ,

ನಾನು ಭಾಷಣಕಾರನಲ್ಲ, ಅಚ್ಚಿನ ಮನೆಯವನು. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಬಂದು ಕೂತವನು ಇನ್ನೂ ಎದ್ದಿಲ್ಲ. ಮದುವೆ ಪತ್ರಿಕೆ, ಜಾತ್ರೆಯ ಪೋಸ್ಟರು, ಅಕ್ಕಿ ಗಿರಣಿಯ ಬಿಲ್ ಬುಕ್ಕು, ತಿಥಿ ಕಾರ್ಡು, ಚಂದಾ ರಸೀದಿ... ಈ ಸೀಮೆಯ ಸುಖ ದುಃಖವೆಲ್ಲ ಮೊದಲು ನನ್ನ ಮೇಜಿಗೆ ಬಂದು, ಪ್ರೂಫ್ ತಿದ್ದಿಸಿಕೊಂಡು, ಆಮೇಲೆ ಊರಿಗೆ ಹೋಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಿಂದ ಬಸ್ಸು ಹತ್ತಿ ಈ ಭತ್ತದ ಗದ್ದೆಗಳ ನಡುವೆ ಬಂದಿರುವ ನಿಮಗೆ ನಾನು ಹೇಳಬಹುದಾದದ್ದು ನನ್ನ ಕಸುಬಿನ ಮಾತು. ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲೋ ಹಾಸ್ಟೆಲಿನಲ್ಲೋ ಓದುತ್ತಿರುವ ನೀವೂ ಇದೇ ಸಭೆಯಲ್ಲಿ ನೆಲದ ಮೇಲೆ ಕೂತಿದ್ದೀರಿ ಎಂದೇ ತಿಳಿದು ಹೇಳುತ್ತೇನೆ.

ಮಾತು ಇಷ್ಟೇ. ನಮ್ಮ ನಾಡಿನಲ್ಲಿ ಹಳೆಯ ಚರ್ಚುಗಳಿವೆ. ಮಾಡು ಸೋರುತ್ತಿದೆ, ಗೋಡೆ ಬಿರುಕು ಬಿಟ್ಟಿದೆ, ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿದೆ. ಇವುಗಳ ದುರಸ್ತಿಗೆ ದುಡ್ಡು ಬೇಕು. ಆ ದುಡ್ಡನ್ನು ಎತ್ತುವ ಕೆಲಸದಲ್ಲಿ ಕನ್ನಡದ ಹುಡುಗರು ಮುಂದೆ ನಿಲ್ಲಬೇಕು. ಎತ್ತಿದ ದುಡ್ಡಿನ ಪೈಸೆ ಪೈಸೆಗೂ ಲೆಕ್ಕ ಇಡಬೇಕು.

"ಕನ್ನಡದ ಸಭೆಯಲ್ಲಿ ಚರ್ಚಿನ ಮಾತು ಯಾಕಣ್ಣ?" ಎಂದು ಆಗಲೇ ಒಬ್ಬ ತಮ್ಮ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳಲಿಕ್ಕೇ ಎದ್ದು ನಿಂತಿದ್ದೇನೆ.

ಕಾಲುವೆ ಕಲಿಸಿದ ಪಾಠ

ಈ ಊರಿನ ಹೆಸರಿನಲ್ಲಿ ಒಂದು ಕಾಲುವೆ ಇದೆ. ದೇಶನೂರು ಕಾಲುವೆ. ವಿಜಯನಗರದ ಅರಸರ ಕಾಲದ ಕಾಲುವೆಗಳ ಪಟ್ಟಿ ತೆಗೆದು ನೋಡಿ. ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆ, ರಾಮಸಾಗರ, ಕಂಪ್ಲಿ, ಬೆಳಗೋಡು, ಸಿರುಗುಪ್ಪ, ಅದರ ಜೊತೆಗೆ ನಮ್ಮ ದೇಶನೂರು. ಕಟ್ಟಿಸಿದ ಅರಸರು ಹೋದರು. ಹಂಪಿ ಹಾಳಾಯಿತು. ಆಮೇಲೆ ನವಾಬರು ಬಂದರು, ಕಂಪನಿ ಸರ್ಕಾರ ಬಂತು, ಮದ್ರಾಸು ಬಂತು, ಮೈಸೂರು ಬಂತು. ಕಾಲುವೆಯಲ್ಲಿ ನೀರು ಮಾತ್ರ ಹರಿಯುತ್ತಲೇ ಬಂತು.

ಯಾಕೆ ಹರಿಯಿತು? ಕಲ್ಲು ಗಟ್ಟಿ ಇತ್ತು ಎಂದಲ್ಲ. ಹೂಳು ತುಂಬಿದಾಗ ರೈತ ಇಳಿದು ಎತ್ತಿದ. ಏರಿ ಜರಿದಾಗ ಮಣ್ಣು ಹಾಕಿದ. ಕಟ್ಟಿಸಿದವನು ಯಾವ ಮತ, ಯಾವ ಜಾತಿ ಎಂದು ಯಾವ ರೈತನೂ ಕೇಳಲಿಲ್ಲ. ನೀರು ನನ್ನ ಗದ್ದೆಗೆ ಬರುತ್ತದೆ, ಹಾಗಾಗಿ ಕಾಲುವೆ ನನ್ನದು ಎಂದ. ಅಷ್ಟೇ.

ರಿಪೇರಿ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನಾವು ಕಣ್ಣಾರೆ ಕಂಡೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕಿತ್ತುಕೊಂಡು ಹೋಯಿತು. ಎಪ್ಪತ್ತು ವರ್ಷ ಹಳೆಯ ಗೇಟು, ಸರಪಳಿ ತುಂಡಾಯಿತು. ತುಂಬಿದ ಹೊಳೆ ಕಣ್ಣೆದುರಿಗೇ ಹರಿದುಹೋಗುವಾಗ ನಮ್ಮ ರೈತರಿಗೆ ನಿದ್ದೆ ಇರಲಿಲ್ಲ. ಒಂದು ಸರಪಳಿಯ ಬೆಲೆ ಎಷ್ಟು, ಅದು ತುಂಡಾದರೆ ತೆರಬೇಕಾದ ಬೆಲೆ ಎಷ್ಟು ಎಂದು ಈ ಸೀಮೆಯ ಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಹಳೆಯ ಚರ್ಚಿನ ಮಾತೂ ಇದೇ. ಅದರ ನೀರು ನಮ್ಮ ಗದ್ದೆಗೆ ಬಂದಿದೆಯೋ ಇಲ್ಲವೋ, ಅದನ್ನು ಮೊದಲು ನೋಡೋಣ.

ಬಳ್ಳಾರಿಯ ಅಚ್ಚಿನ ಮನೆ

1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬಳ್ಳಾರಿಗೆ ಬಂದ. ಲಂಡನ್ ಮಿಷನ್ನಿನವನು. ಬಂದದ್ದು ತನ್ನ ಧರ್ಮ ಹರಡಲಿಕ್ಕೆ. ಇದರಲ್ಲಿ ಮುಚ್ಚುಮರೆ ಏನೂ ಬೇಡ, ನಾನು ಇಲ್ಲಿ ಯಾರಿಗೂ ಸುಳ್ಳು ಹೊಗಳಿಕೆ ಹೇಳಲು ನಿಂತಿಲ್ಲ. ಆದರೆ ಬಳ್ಳಾರಿಯ ಜನಕ್ಕೆ ಹೇಳಬೇಕಾದರೆ ಬಳ್ಳಾರಿಯ ಮಾತಿನಲ್ಲೇ ಹೇಳಬೇಕು ಎಂದು ಅವನಿಗೆ ಗೊತ್ತಾಯಿತು. ಕನ್ನಡ ಕಲಿತ. ಬೈಬಲ್ಲನ್ನು ಕನ್ನಡಕ್ಕೆ ತಂದ. ಅವನ ಹಿಂದೆಯೇ ಬಳ್ಳಾರಿಗೆ ಬಂದ ವಿಲಿಯಂ ರೀವ್ ನಿಘಂಟಿನ ಕೆಲಸ ಹಿಡಿದ. 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದವು. ಬಳ್ಳಾರಿಯಲ್ಲಿ ಮಿಷನ್ನಿನ ಅಚ್ಚುಕೂಟವೇ ಶುರುವಾಯಿತು.

ಅಚ್ಚಿನವನಾದ ನನಗೆ ಮೈ ಜುಮ್ಮೆನ್ನುವುದು ಇದರ ಮುಂದಿನ ಸಂಗತಿಗೆ. ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುತ್ತೇವಲ್ಲ, ಯಾಕೆ? 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ. ಅದು ಕಲ್ಲಚ್ಚಿನಲ್ಲಿ ಬರುತ್ತಿತ್ತು. ಮರು ವರ್ಷ, 1844ರಲ್ಲಿ, ಆ ಪತ್ರಿಕೆ ಎಲ್ಲಿಗೆ ಬಂತು ಗೊತ್ತೇ? ನಮ್ಮ ಬಳ್ಳಾರಿಗೆ! ಇಲ್ಲಿನ ಅಚ್ಚುಮೊಳೆಯಲ್ಲಿ, 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಅಚ್ಚಾಯಿತು. ಹೆಸರು ನೋಡಿ. ಒಂದು ಊರಿನ ಹೆಸರು ಬಿಟ್ಟು ಇಡೀ ನುಡಿಯ ಹೆಸರು ಹೊತ್ತುಕೊಂಡಿತು. ಅದೂ ಮದ್ರಾಸಿನ ಆಳ್ವಿಕೆಯಲ್ಲಿದ್ದ ಬಳ್ಳಾರಿಯಲ್ಲಿ, ಕರ್ನಾಟಕ ಎಂಬ ರಾಜ್ಯ ಯಾರ ಕನಸಿನಲ್ಲೂ ಇಲ್ಲದ ಕಾಲದಲ್ಲಿ.

ಈಗ ಹೇಳಿ, ಆ ನೀರು ನಮ್ಮ ಗದ್ದೆಗೆ ಬಂದಿತೋ ಇಲ್ಲವೋ? ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆ ಆ ಕಾಲುವೆಯ ಕೊನೆಯ ಹೊಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಲ್ಲದಿದ್ದರೆ ಇವತ್ತು ಎಷ್ಟೋ ಕನ್ನಡ ಪದಗಳ ಗುರುತು ಹಿಡಿಯುವುದು ಕಷ್ಟವಾಗುತ್ತಿತ್ತು. ಕಿಟೆಲ್ಲನ ಪ್ರತಿಮೆಗೆ ವರ್ಷಕ್ಕೊಂದು ಹಾರ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಅಂಥವರು ಕೂತು ಕನ್ನಡ ಕಲಿತ, ಕಲಿಸಿದ ಕಟ್ಟಡಗಳ ಮಾಡು ಸೋರುತ್ತಿದ್ದರೆ "ಅದು ಅವರದು" ಎನ್ನುತ್ತೇವೆ.

ಯಾರದು?

ಬೆಂಗಳೂರಿನ ತಮ್ಮಂದಿರೇ, ಪಾಲಿಕೆ ಕಚೇರಿಯ ಎದುರು ಬಾವುಟ ಹಿಡಿದು ಎಷ್ಟು ಸಲ ಸೇರಿಲ್ಲ ನೀವು? ಅಲ್ಲೇ ಪಕ್ಕದ ಹಡ್ಸನ್ ವೃತ್ತ, ಅದರ ಮಗ್ಗುಲಿಗೇ ಕಲ್ಲಿನ ಚರ್ಚು. 1904ರದು. ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ ನೆನಪಿಗೆ ಕಟ್ಟಿದ್ದು. ಅಲ್ಲಿ ಪ್ರಾರ್ಥನೆ ನಡೆಯುವುದು ಕನ್ನಡದಲ್ಲಿ. ಘೋಷಣೆ ಕೂಗಿ ಗಂಟಲು ಒಣಗಿದಾಗ ಅದರ ನೆರಳಿನಲ್ಲಿ ನಿಂತು ನೀರು ಕುಡಿದವರು ಎಷ್ಟು ಜನ? ಒಳಗೆ ಹೋಗಿ ನೋಡಿದವರು ಎಷ್ಟು ಜನ? ಕೈ ಎತ್ತಿ. ಇಲ್ಲ ಬಿಡಿ, ನಾನೂ ಎಷ್ಟೋ ವರ್ಷ ನೋಡಿರಲಿಲ್ಲ.

ಬೆಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ, ಕನ್ನಡದ ಹಾಡಿಗಾಗಿ ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಿದರು. ಸ್ವಂತ ಗುಡಿಯೊಳಗೆ ಸ್ವಂತ ನುಡಿಗಾಗಿ ಏಟು ತಿಂದ ಕನ್ನಡಿಗರು ಅವರು. ಅಂಥವರನ್ನು ಹೊರಗಿನವರೆಂದರೆ ಒಳಗಿನವರು ಯಾರು?

ನಮ್ಮ ಬಳ್ಳಾರಿಯ ಇತಿಹಾಸ ಮರೆಯಬೇಡಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. ಆ ಸಂಭ್ರಮದ ಚಪ್ಪರ ಕಾಯಲು ನಿಂತಿದ್ದವನು ಪೈಲ್ವಾನ್ ರಂಜಾನ್ ಸಾಬ್. ಅವನ ಮೇಲೆ ಆಸಿಡ್ ಬಲ್ಬ್ ಎಸೆದರು. ಪ್ರಾಣ ಕೊಟ್ಟ. ಕನ್ನಡಕ್ಕಾಗಿ ಸಾಯುವಾಗ ಅವನ ಮತ ಯಾವುದೆಂದು ಕೇಳಲಿಲ್ಲ ನಾವು. ಕನ್ನಡಕ್ಕಾಗಿ ಅಚ್ಚುಮೊಳೆ ಜೋಡಿಸಿದ ಕಟ್ಟಡ ಸಾಯುತ್ತಿರುವಾಗ ಮಾತ್ರ ಮತ ಕೇಳುತ್ತೇವೆಯೇ?

ಅರಸರು ಕೇಳಲಿಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚು ಇರುವ ಜಾಗದಲ್ಲಿ ಮೊದಲು ಇದ್ದ ಸಣ್ಣ ಚರ್ಚು 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಈಗಿನ ದೊಡ್ಡ ಚರ್ಚಿಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 175 ಅಡಿ ಎತ್ತರದ ಆ ಎರಡು ಗೋಪುರ ನೋಡಲು ದಸರಾಕ್ಕೆ ಬಂದವರೆಲ್ಲ ಹೋಗುತ್ತಾರೆ. ಅರಸರಿಗೆ ಇದ್ದ ದೊಡ್ಡ ಮನಸ್ಸು ಪ್ರಜೆಗಳಾದ ನಮಗೆ ಯಾಕೆ ಬರಬಾರದು?

ಒಂದು ಉಳಿಯಿತು, ಒಂದು ಹೋಗುತ್ತಿದೆ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದ್ದೀರಾ? ಗೋಡೆ, ಮಾಡು, ಕಮಾನು ಎಲ್ಲದರ ಮೇಲೂ ಚಿತ್ರ. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬರೆದದ್ದು. ಕಡಲ ಕರೆಯ ಮಳೆ, ತೇವ ನಿಮಗೆ ಗೊತ್ತಲ್ಲ. ಬಣ್ಣ ಕೆಡತೊಡಗಿತು. ಆಗ ಯಾರೂ "ಹಳೆಯದಾಯಿತು, ಡಿಸ್ಟೆಂಪರ್ ಹೊಡೆದುಬಿಡಿ" ಎನ್ನಲಿಲ್ಲ. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ನುರಿತ ಕೈಗಳು ಅಂಗುಲ ಅಂಗುಲವಾಗಿ ಆ ಚಿತ್ರಗಳನ್ನು ಉಳಿಸಿದವು. ಇವತ್ತಿಗೂ ಊರೂರಿನಿಂದ ಜನ ಬಂದು ಕತ್ತೆತ್ತಿ ನೋಡುತ್ತಾರೆ.

ಇನ್ನೊಂದು ಕಡೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ. ಇದರ ಫೋಟೊ ನಿಮ್ಮಲ್ಲಿ ಅರ್ಧ ಜನರ ಮೊಬೈಲಿನಲ್ಲಿ ಇದೆ, ನಾನು ಬಲ್ಲೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಎದ್ದು ಹೋಯಿತು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಬುಡದವರೆಗೆ ಕಾಣುತ್ತದೆ. ಮಾಡು ಎಂದೋ ಹೋಗಿದೆ. ಹೀಗೆ ವರ್ಷವೂ ನೆನೆದು ಒಣಗಿ, ನೆನೆದು ಒಣಗಿ, ಇಟ್ಟಿಗೆಯ ಸಂದಿನ ಗಾರೆ ತೊಳೆದು ಹೋಗುತ್ತದೆ. ಗೋಡೆ ಒಂದೊಂದೇ ತುಂಡಾಗಿ ಬೀಳುತ್ತಿದೆ.

ಅಣೆಕಟ್ಟು ಬೇಡವಿತ್ತು ಎಂದು ನಾನು ಹೇಳಲಾರೆ. ತುಂಗಭದ್ರೆಯ ಕಟ್ಟೆ ಕಟ್ಟುವಾಗ ನಾರಾಯಣದೇವರಕೆರೆ ಮುಳುಗಿತು. ಆ ಜನ ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. ಅವರು ಊರು ಬಿಟ್ಟುಕೊಟ್ಟದ್ದಕ್ಕೆ ಈ ಸೀಮೆ ಅನ್ನ ಉಣ್ಣುತ್ತಿದೆ. ಉಂಡವನಿಗೆ ಋಣ ಇರಬೇಕು. ಶೆಟ್ಟಿಹಳ್ಳಿಯಲ್ಲಿ ಮುಳುಗಿದ ಊರಿಗೆ ಗುರುತಾಗಿ ನಿಂತಿರುವುದು ಆ ನಾಲ್ಕು ಗೋಡೆ. ಅದರ ಮುಂದೆ ನಿಂತು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಸಾವಿರಾರು ರೂಪಾಯಿ ಖರ್ಚು ಮಾಡುವ ನಾವು ಅದರ ಗೋಡೆಗೆ ಒಂದು ಬುಟ್ಟಿ ಸುಣ್ಣ ಕೊಟ್ಟಿದ್ದೇವೆಯೇ? ಹಿನ್ನೀರಿನಲ್ಲಿ ನಿಂತಿರುವ ಆ ಕಟ್ಟಡವನ್ನು ಜನರ ಚಂದಾ ಒಂದರಿಂದಲೇ ಉಳಿಸಲಾಗದು, ಸರ್ಕಾರವೂ ಕೈ ಹಾಕಬೇಕು. ಆದರೆ ನಮ್ಮ ಕೈಯಲ್ಲಿ ನಾಲ್ಕು ಕಾಸು ಇದ್ದು ಕೇಳುವ ಮಾತಿಗೂ ಬರಿಗೈಯಲ್ಲಿ ಕೇಳುವ ಮಾತಿಗೂ ತೂಕದಲ್ಲಿ ಭೇದವಿದೆ.

ನನ್ನ ಕೈಯಿಂದ ಆದ ತಪ್ಪು

ಈಗ ನನ್ನ ಮನೆಯ ಮಾತು ಹೇಳಬೇಕು. ಹೇಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗೆ ಬರುವುದಿಲ್ಲ.

ಸುಮಾರು ಹದಿನೈದು ವರ್ಷದ ಹಿಂದೆ ಒಂದೂರಿನ ನಾಲ್ವರು ನನ್ನ ಪ್ರೆಸ್ಸಿಗೆ ಬಂದರು. ಊರ ಹೆಸರು ಬೇಡ. ಅವರ ಊರಿನಲ್ಲಿ ಹಳೆಯದೊಂದು ಸಣ್ಣ ಚರ್ಚು ಇತ್ತು. ಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ತೊಲೆ. ಬಾಗಿಲ ಮೇಲೆ ಕನ್ನಡ ಅಕ್ಷರ ಕೆತ್ತಿದ ಒಂದು ಕಲ್ಲು. ಪ್ರೆಸ್ಸಿನವನಾದ್ದರಿಂದ ನನ್ನ ಕಣ್ಣು ಎಲ್ಲಿ ಹೋದರೂ ಅಕ್ಷರದ ಮೇಲೆ. ಹಿಂದೊಮ್ಮೆ ಆ ಊರಿಗೆ ಹೋದಾಗ ಆ ಕಲ್ಲು ನೋಡಿದ್ದೆ. ಹಳೆಯ ಕಾಲದ ದುಂಡನೆಯ ಅಕ್ಷರ. ಆಮೇಲೆ ಬಂದು ಬರೆದುಕೊಂಡರಾಯಿತು ಎಂದು ಬಿಟ್ಟಿದ್ದೆ.

ಬಂದವರು "ಕಟ್ಟಡ ನಿಧಿ ಅಂತ ರಸೀದಿ ಬುಕ್ಕು ಬೇಕು, ಇಪ್ಪತ್ತು" ಎಂದರು. "ನಂಬರ್ ಹಾಕಬೇಕಲ್ಲ?" ಎಂದೆ. "ನಂಬರ್ ಯಾಕಣ್ಣ, ದೇವರ ಕೆಲಸ" ಎಂದರು. ನಂಬರಿಂಗಿಗೆ ಬೇರೆ ಚಾರ್ಜು ಆಗುತ್ತದೆ. ಅವರು ಬೇಡ ಎಂದರು, ನಾನು ಸರಿ ಎಂದೆ. ನಂಬರಿಲ್ಲದ ರಸೀದಿ ಹೊಲಿದುಕೊಟ್ಟೆ.

ಮಾಡು ದುರಸ್ತಿ ಮಾಡಿದರೆ ಸಾಕಿತ್ತು. ಆದರೆ ಯಾರೋ ಬುದ್ಧಿವಂತ ಹೇಳಿದನಂತೆ: "ಹಳೇದು ನಿಂತಿದ್ದರೆ ಯಾರೂ ದುಡ್ಡು ಕೊಡಲ್ಲ. ಮೊದಲು ಕೆಡವಿ, ಆಮೇಲೆ ಕೊಟ್ಟೇ ಕೊಡ್ತಾರೆ." ಜೆಸಿಬಿ ತರಿಸಿದರು. ಒಂದೇ ದಿನ. ಅಕ್ಷರದ ಕಲ್ಲು ಹೊಸ ಪಾಯದ ಹೊಟ್ಟೆಗೆ ಹೋಯಿತು. ಹತ್ತು ಕಾಂಕ್ರೀಟ್ ಕಂಬ ಎದ್ದವು. ಅಲ್ಲಿಗೆ ದುಡ್ಡು ಮುಗಿಯಿತು. ಎಷ್ಟು ಬಂತು, ಎಷ್ಟು ಹೋಯಿತು, ಯಾರಿಗೂ ಲೆಕ್ಕ ಸಿಗಲಿಲ್ಲ. ಒಬ್ಬರ ಮೇಲೊಬ್ಬರು ಹೇಳಿದರು. ಕಂಬದ ತುದಿಯ ಕಂಬಿ ಬಿಸಿಲಿಗೆ, ಮಳೆಗೆ ತುಕ್ಕು ಹಿಡಿಯಿತು. ಜನ ಬಹಳ ವರ್ಷ ಪಕ್ಕದ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಮಾಡಿದರು.

ಒಂದು ದಿನ ಅಕ್ಕಿ ಗಿರಣಿಯ ಹಮಾಲಿ ಒಬ್ಬ ನನ್ನ ಬಾಗಿಲಿಗೆ ಬಂದ. ಕ್ರೈಸ್ತನಲ್ಲ. ಅವನ ಮಗಳು ಆ ಚರ್ಚಿನ ಜಗಲಿಯಲ್ಲಿ ಅ ಆ ಇ ಈ ಕಲಿತಿದ್ದಳಂತೆ. ಆ ಋಣಕ್ಕೆ ಐನೂರು ರೂಪಾಯಿ ಕೊಟ್ಟಿದ್ದ. ಎಷ್ಟು ಚೀಲ ಹೊತ್ತರೆ ಐನೂರು ಆಗುತ್ತದೆ, ನೀವೇ ಲೆಕ್ಕ ಹಾಕಿ. ರಸೀದಿ ನನ್ನ ಮೇಜಿನ ಮೇಲಿಟ್ಟು ಕೇಳಿದ: "ಕೆಳಗಡೆ ನಿಮ್ಮ ಪ್ರೆಸ್ಸಿನ ಹೆಸರೈತಿ. ನನ್ನ ರೊಕ್ಕ ಎಲ್ಲಿ ಹೋತು ಹೇಳ್ರಿ, ಸಾವ್ಕಾರ್ರೇ."

ನಾನು ಏನು ಹೇಳಲಿ? ರಸೀದಿಗೆ ನಂಬರಿಲ್ಲ, ನಂಬರಿಲ್ಲದ ಮೇಲೆ ಲೆಕ್ಕವಿಲ್ಲ. ಅವನ ಐನೂರು ಕದ್ದವನು ನಾನಲ್ಲ. ಆದರೆ ಕದಿಯಲು ಚೀಲ ಹೊಲಿದುಕೊಟ್ಟವನು ನಾನೇ. ಚಹಾ ಕುಡಿ ಎಂದೆ. ಕುಡಿಯಲಿಲ್ಲ, ಹೋದ. ಆ ರಸೀದಿ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ.

ಅದಕ್ಕೇ ಹೇಳುತ್ತೇನೆ, ತಮ್ಮಂದಿರೇ. ಹಳೆಯ ಚರ್ಚು ಬೀಳುವುದಕ್ಕೆ ಮಳೆ, ಗೆದ್ದಲು, ಅರಳಿ ಗಿಡ ಕಾರಣ, ನಿಜ. ಅದಕ್ಕಿಂತ ದೊಡ್ಡ ಕಾರಣ ನಂಬಿಕೆ ಬೀಳುವುದು. ಒಂದೂರಿನಲ್ಲಿ ಚಂದಾ ಹಣ ತಿಂದರೆ ಸುತ್ತಲ ಹತ್ತೂರಿನಲ್ಲಿ ಒಳ್ಳೆಯ ಕೆಲಸಕ್ಕೂ ಪೈಸೆ ಹುಟ್ಟುವುದಿಲ್ಲ.

ದುಡ್ಡು ಎತ್ತುವ ದಾರಿ

ಹೇಗೆ ಎತ್ತಬೇಕು? ನನ್ನ ಕಸುಬಿನ ಅನುಭವದಿಂದ ಹೇಳುತ್ತೇನೆ, ಬರೆದುಕೊಳ್ಳಿ.

ಮೊದಲನೆಯದು, ಯಜಮಾನರ ಒಪ್ಪಿಗೆ. ಚರ್ಚಿನ ಆಸ್ತಿ ಸಾಮಾನ್ಯವಾಗಿ ಧರ್ಮಪ್ರಾಂತ್ಯದ್ದೋ ಟ್ರಸ್ಟಿನದೋ ಆಗಿರುತ್ತದೆ. ಅಲ್ಲಿನ ಪಾದ್ರಿಗಳನ್ನು, ಸಭೆಯ ಹಿರಿಯರನ್ನು ಕಂಡು, ಕೂತು ಮಾತಾಡಿ, ಲಿಖಿತ ಒಪ್ಪಿಗೆ ಪಡೆಯಿರಿ. ಕಟ್ಟಡ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಅವರ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಅಲುಗಿಸಬೇಡಿ. ನಾವು ಹೋಗುವುದು ಕೈ ಜೋಡಿಸಲಿಕ್ಕೆ, ಯಜಮಾನಿಕೆಗೆ ಅಲ್ಲ.

ಎರಡನೆಯದು, ಅಂದಾಜು ಪಟ್ಟಿ. ಹಳೆಯ ಕಟ್ಟಡ ಬಲ್ಲ ಇಂಜಿನಿಯರಿಗೆ ತೋರಿಸಿ, ಯಾವ ಕೆಲಸಕ್ಕೆ ಎಷ್ಟು ಎಂದು ಬರೆಸಿ. "ಚರ್ಚಿಗೆ ದುಡ್ಡು ಕೊಡಿ" ಎಂದರೆ ಜನ ಕಿಸೆ ಮುಟ್ಟುವುದಿಲ್ಲ. "ಪಶ್ಚಿಮದ ಮಾಡಿಗೆ ಇಷ್ಟು ಮರ, ಇಷ್ಟು ಹೆಂಚು, ಇಷ್ಟು ಕೂಲಿ" ಎಂದರೆ ಮುಟ್ಟುತ್ತಾರೆ. ಮಾಡೇ ಮೊದಲು. ತಲೆ ಸೋರುತ್ತಿರುವಾಗ ಮುಖಕ್ಕೆ ಪೌಡರ್ ಹಚ್ಚಬೇಡಿ.

ಮೂರನೆಯದು, ಸಿಮೆಂಟಿನ ಮೋಹ ಬಿಡಿ. ಹಳೆಯ ಗೋಡೆ ಸುಣ್ಣದ್ದು. ತೇವ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರುವ ದಾರಿ ಮುಚ್ಚುತ್ತದೆ. ಉಪ್ಪು ಕಟ್ಟುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ನಾಲ್ಕು ವರ್ಷಕ್ಕೆ ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಬಹಳ ದಿನ ಕೊಳೆ ಹಾಕಿ, ಮರಳು ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಮಾಡುತ್ತಿದ್ದ ಗಾರೆ ಗೊತ್ತಿರುವ ಮೇಸ್ತ್ರಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ಹುಡುಕಿ. ಅವರ ಹತ್ತಿರ ಇಬ್ಬರು ಹುಡುಗರನ್ನು ಕೆಲಸ ಕಲಿಯಲು ಬಿಡಿ. ಗಾರೆಯ ಜೊತೆಗೆ ಆ ಕಸುಬಿನ ಕನ್ನಡ ಮಾತುಗಳೂ ಉಳಿಯುತ್ತವೆ.

ನಾಲ್ಕನೆಯದು, ಬ್ಯಾಂಕು. ಸಂಸ್ಥೆಯ ಹೆಸರಿನಲ್ಲೇ ಬೇರೆ ಖಾತೆ, ಇಬ್ಬರ ಸಹಿ. ಮೊಬೈಲಿನಲ್ಲಿ ಹಣ ಪಡೆಯುವ ಕ್ಯೂಆರ್ ಚೀಟಿಯೂ ಆ ಖಾತೆಯದೇ ಆಗಿರಲಿ. ನಿಮ್ಮ ಸ್ವಂತ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಿಸಿಕೊಳ್ಳಬೇಡಿ, ಎಷ್ಟೇ ಪ್ರಾಮಾಣಿಕರಾದರೂ. ಆದಾಯ ತೆರಿಗೆಯಲ್ಲಿ ರಿಯಾಯಿತಿ ಬೇಕೆನ್ನುವ ದಾನಿಗಳಿಗೆ ಮೊದಲೇ ತಿಳಿಸಿ: ಸಂಸ್ಥೆಗೆ ಅದಕ್ಕೆ ಮಾನ್ಯತೆ ಇರಬೇಕು, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಸಿಗುವುದಿಲ್ಲ. ವಿದೇಶದ ಹಣದ ಆಸೆಗೆ ಬೀಳಬೇಡಿ. ಅದಕ್ಕೆ ಕೇಂದ್ರದ ನೋಂದಣಿ ಬೇಕು, ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು ಎಂದು ಕಾನೂನಿದೆ. ನಮ್ಮ ಊರಿನ ಗೋಡೆಗೆ ನಮ್ಮ ಊರಿನ ದುಡ್ಡೇ ಚೆಂದ.

ಐದನೆಯದು, ರಸೀದಿ. ಪ್ರತಿ ರಸೀದಿಗೂ ನಂಬರು, ಪ್ರತಿ ರಸೀದಿಗೂ ಕಾರ್ಬನ್ ಪ್ರತಿ. ಯಾವ ಬುಕ್ಕು ಯಾರ ಕೈಗೆ ಕೊಟ್ಟಿರಿ ಎಂದು ರಿಜಿಸ್ಟರಿನಲ್ಲಿ ಸಹಿ. ಹರಿದ ರಸೀದಿ, ತಪ್ಪು ಬರೆದ ರಸೀದಿ ಕೂಡ ಬುಕ್ಕಿನಲ್ಲೇ ಇರಬೇಕು. ತಿಂಗಳಿಗೊಂದು ಸಲ ಬಂದದ್ದು, ಹೋದದ್ದು, ಉಳಿದದ್ದು ದೊಡ್ಡ ಕಾಗದದಲ್ಲಿ ಕನ್ನಡದಲ್ಲಿ ಬರೆದು ಚರ್ಚಿನ ಗೇಟಿಗೆ ಅಂಟಿಸಿ. ಹಮಾಲಿಯ ಐವತ್ತೂ ಸಾವುಕಾರನ ಐವತ್ತು ಸಾವಿರವೂ ಅಲ್ಲಿ ಒಂದೇ ಅಳತೆಯ ಅಕ್ಷರದಲ್ಲಿ ಇರಲಿ.

ಲೆಕ್ಕ ಸುಲಭ. ಒಂದು ಬುಕ್ಕಿಗೆ 100 ರಸೀದಿ. ಒಂದು ರಸೀದಿಗೆ 50 ರೂಪಾಯಿ. ಬುಕ್ಕಿಗೆ 5,000. ಇನ್ನೂರು ಹುಡುಗ ಹುಡುಗಿಯರು ಒಂದೊಂದು ಬುಕ್ಕು ಮುಗಿಸಿದರೆ 10 ಲಕ್ಷ. ಇಡೀ ಚರ್ಚಿಗೆ ಅದು ಸಾಲದೆ ಹೋಗಬಹುದು. ಆದರೆ ಕೆಲಸ ಶುರುವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ಸಾವಿರ ಮನೆಗಳಲ್ಲಿ "ಆ ಚರ್ಚಿನ ಒಂದು ಇಟ್ಟಿಗೆ ನನ್ನದು" ಎನ್ನುವ ಮಾತು ಹುಟ್ಟುತ್ತದೆ. ಒಬ್ಬ ದೊಡ್ಡ ಮನುಷ್ಯ ಹತ್ತು ಲಕ್ಷ ಕೊಟ್ಟರೆ ಅವನ ಹೆಸರಿನ ಕಲ್ಲು ಹುಟ್ಟುತ್ತದೆ, ಅಷ್ಟೇ. ನಾಳೆ ಯಾರಾದರೂ ಜೆಸಿಬಿ ತಂದರೆ ತಡೆಯಲು ಕಲ್ಲು ಬರುವುದಿಲ್ಲ. ಇಪ್ಪತ್ತು ಸಾವಿರ ಮನೆಯವರು ಬರುತ್ತಾರೆ.

ದುಡ್ಡಿಲ್ಲದವರು ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅಂಗಳ ಗುಡಿಸಿ. ಹಳೆಯ ಸಮಾಧಿಗಳ ಮೇಲಿನ, ಬಾಗಿಲ ಮೇಲಿನ ಕನ್ನಡ ಬರಹಗಳನ್ನು ನೋಟು ಪುಸ್ತಕದಲ್ಲಿ ಬರೆದುಕೊಳ್ಳಿ, ಫೋಟೊ ತೆಗೆಯಿರಿ. "ಆಮೇಲೆ ಬಂದು ಬರೆದುಕೊಂಡರಾಯಿತು" ಎಂದವನ ಗತಿ ಈಗಷ್ಟೇ ಕೇಳಿದಿರಿ. ಗೋಡೆಯ ಅರಳಿ ಗಿಡವನ್ನು ಮಾತ್ರ ಉತ್ಸಾಹದಲ್ಲಿ ಕಿತ್ತು ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬಲ್ಲವರಿಂದ ತೆಗೆಸಿ.

ಕೊನೆಯ ಮಾತು

ಹಿಂದೆ ನಮ್ಮ ಬಳ್ಳಾರಿ ಸೀಮೆಯ ಮಾಳಿಗೆ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಕರ್ಲು ಮಣ್ಣು ಹಾಕುತ್ತಿದ್ದರು. ಯಾರ ಮನೆಯ ಮಾಳಿಗೆಯಾದರೂ ಅಕ್ಕಪಕ್ಕದವರು ಒಂದೊಂದು ಬುಟ್ಟಿ ಹೊರುತ್ತಿದ್ದರು. ಇವತ್ತು ಅವನ ಮಾಳಿಗೆ ಸೋರಿದರೆ ನಾಳೆ ನನ್ನ ಗೋಡೆ ನೆನೆಯುತ್ತದೆ ಎಂಬ ಅರಿವಿತ್ತು. ಕನ್ನಡದ ಮನೆಯೂ ಅಂಥದೇ. ಬಸದಿ, ಮಠ, ದರ್ಗಾ, ಗುಡಿ, ಚರ್ಚು, ಎಲ್ಲದರ ಗೋಡೆಗೂ ಗೋಡೆ ತಾಗಿದೆ. ಒಂದು ಕಡೆ ಸೋರಿದರೆ ನೀರು ಎಲ್ಲರ ಮನೆಗೂ ಇಳಿಯುತ್ತದೆ.

ಈ ನವೆಂಬರಿನಲ್ಲಿ ಹಳದಿ ಕೆಂಪು ಬಾವುಟ ಕಟ್ಟುವ ಮುಂಚೆ ನಿಮ್ಮ ಊರಿನ ಒಂದು ಹಳೆಯ ಚರ್ಚಿನ ಬಾಗಿಲಿಗೆ ಹೋಗಿ. "ಅಯ್ಯನವರೇ, ನಾವು ಕನ್ನಡದ ಹುಡುಗರು. ಇಲ್ಲಿ ಏನು ಸೋರುತ್ತಿದೆ?" ಎಂದು ಕೇಳಿ. ಅಷ್ಟು ಕೇಳಿದರೆ ಮುಂದಿನ ದಾರಿ ತಾನೇ ತೆರೆಯುತ್ತದೆ.

ನನ್ನ ಪಾಲಿನದು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಚರ್ಚಿನ ದುರಸ್ತಿಗೆ, ಕೆಡವಲಿಕ್ಕೆ ಅಲ್ಲ ದುರಸ್ತಿಗೆ, ಲಿಖಿತ ಒಪ್ಪಿಗೆ ಮತ್ತು ಅಂದಾಜು ಪಟ್ಟಿ ಹಿಡಿದು ಬರುವ ಯಾವ ಹುಡುಗರ ತಂಡಕ್ಕಾದರೂ ರಸೀದಿ ಬುಕ್ಕು ನನ್ನ ಪ್ರೆಸ್ಸಿನಲ್ಲಿ ಉಚಿತ. ಕಾಗದ ನನ್ನದು, ಹೊಲಿಗೆ ನನ್ನದು. ನಂಬರಿಂಗ್ ಮಷಿನ್ನಿನ ಹಿಡಿ ನಾನೇ ಒತ್ತುತ್ತೇನೆ. ಮೊದಲ ಬುಕ್ಕಿನ ಒಂದನೇ ನಂಬರಿನ ರಸೀದಿ ಐನೂರು ರೂಪಾಯಿಗೆ ಬರೆಯಿರಿ. ದುಡ್ಡು ನಾನು ಕೊಡುತ್ತೇನೆ. ಹೆಸರು ಮಾತ್ರ ನನ್ನದು ಬೇಡ. "ಒಬ್ಬ ಹಮಾಲಿ" ಎಂದು ಬರೆಯಿರಿ.

ಸಿರಿಗನ್ನಡಂ ಗೆಲ್ಗೆ.